ರಾಮಪತ್ರೆಯ ಹಾಳೆಗಳು: ಒಂದು ಕಾಡುಮರದ ದಾಖಲೆಯನ್ನು ಓದುವ ಬಗೆ

(ಧಾರವಾಡದಲ್ಲಿ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಆಸಕ್ತ ನಾಗರಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಹುಬ್ಬಳ್ಳಿಯ ಕಿರಾಣಿ ಪೇಟೆಯಲ್ಲಿ ಜಾಪತ್ರೆ ಕೊಳ್ಳುವವರಿಗೆ ರಾಮಪತ್ರೆಯ ಪರಿಚಯವೂ ಇರುತ್ತದೆ. ಜಾಪತ್ರೆ ಎಂದರೆ ಜಾಯಿಕಾಯಿಯ ಬೀಜವನ್ನು ಸುತ್ತಿಕೊಂಡಿರುವ ತೆಳುವಾದ, ಕೆಂಪು ಕಿತ್ತಳೆ ಬಣ್ಣದ, ಗಾಢ ಪರಿಮಳದ ಹೊದಿಕೆ. ರಾಮಪತ್ರೆಯೂ ಅಂಥದೇ ಬೀಜದ ಹೊದಿಕೆಯಾದರೂ ಉದ್ದವಾಗಿ ಸೀಳಿಕೊಂಡಿರುತ್ತದೆ, ಪರಿಮಳವೂ ಕಡಿಮೆ. ಹಿಂದಿನ ಕಾಲದ ವ್ಯಾಪಾರಿಗಳು ಇದನ್ನೇ ‘ಬಾಂಬೆ ಮೇಸ್’ ಎಂದು ಕರೆದು ಅಸಲಿ ಜಾಪತ್ರೆಗೆ ಬೆರಕೆ ಮಾಡುತ್ತಿದ್ದರು. ಜಾಯಿಕಾಯಿಯ ಮರ ಇಂಡೋನೇಷ್ಯಾದ ದ್ವೀಪಗಳಿಂದ ಬಂದದ್ದು. ರಾಮಪತ್ರೆಯ ಮರವಾದರೋ ನಮ್ಮ ಪಶ್ಚಿಮ ಘಟ್ಟದ್ದೇ, ಬೇರೆಲ್ಲಿಯೂ ಸಹಜವಾಗಿ ಬೆಳೆಯದ್ದು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಮಿರಿಸ್ಟಿಕಾ ಮಲಬಾರಿಕಾ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುವ ಧಾರವಾಡದಿಂದ ಪಶ್ಚಿಮಕ್ಕೆ ಹಳಿಯಾಳ, ದಾಂಡೇಲಿ, ಜೋಯಿಡಾ ದಾಟಿ ಕ್ಯಾಸಲ್‌ರಾಕ್ ಕಡೆಗೆ ಸುಮಾರು ನೂರು ಕಿಲೋಮೀಟರ್ ಹೋದರೆ, ಇದರ ಹಲವು ಪಟ್ಟು ಮಳೆ ಸುರಿಯುವ ಅದರ ಸೀಮೆ ಸಿಗುತ್ತದೆ.

ಈ ಮರದ ಬಗ್ಗೆ ನಮಗೆ ಗೊತ್ತಿರುವುದರ ಬಹುಪಾಲು ಹರ್ಬೇರಿಯಂ ಹಾಳೆಗಳಿಂದ ಬಂದದ್ದು. ಒಣಗಿಸಿ ಒತ್ತಿದ ಒಂದು ರೆಂಬೆ, ಅದನ್ನು ಅಂಟಿಸಿದ ಸುಮಾರು 42 ಸೆಂಟಿಮೀಟರ್ ಉದ್ದ 28 ಸೆಂಟಿಮೀಟರ್ ಅಗಲದ ದಪ್ಪ ಹಾಳೆ, ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೀಟಿ: ಇಷ್ಟು ಸೇರಿದರೆ ಒಂದು ದಾಖಲೆ. ಜಗತ್ತಿನ ಮೂರು ಸಾವಿರಕ್ಕೂ ಹೆಚ್ಚು ಹರ್ಬೇರಿಯಂಗಳಲ್ಲಿ, ಎಂದರೆ ಒಣಸಸ್ಯಗಳ ಸಂಗ್ರಹಾಲಯಗಳಲ್ಲಿ, ಇಂಥ ಹಾಳೆಗಳು ಸುಮಾರು 40 ಕೋಟಿ ಇವೆ. ಒಂದು ಮರ ಎಲ್ಲಿದೆ, ಎಲ್ಲಿ ಇಲ್ಲ, ಅಪರೂಪವೇ ಸಾಮಾನ್ಯವೇ, ಯಾವ ತಿಂಗಳಲ್ಲಿ ಹೂ ಬಿಡುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ನಾವು ಕೊನೆಗೆ ಹೋಗಿ ನಿಲ್ಲುವುದು ಈ ಹಾಳೆಗಳ ಮುಂದೆ. ಆದರೆ ಹಾಳೆ ಮೊದಲು ಹೇಳುವುದು ಮರದ ಸಂಗತಿಯನ್ನಲ್ಲ. ಸಂಗ್ರಾಹಕನು ಯಾವ ದಾರಿಯಲ್ಲಿ ನಡೆದ, ಯಾವ ಋತುವಿನಲ್ಲಿ ನಡೆದ, ಯಾವ ಸರಕಾರದ ಗಡಿಯೊಳಗೆ ನಡೆದ ಎಂಬುದನ್ನು. ಅದನ್ನು ಓದಿಕೊಂಡ ಮೇಲಷ್ಟೇ ಮರದ ಮಾತು ಕೇಳಿಸುತ್ತದೆ. ನಾನು ಇಂದು ವಾದಿಸಬೇಕೆಂದಿರುವುದು ಇದೊಂದನ್ನೇ.

ಗಡಿಯಿಂದ ಆರಂಭಿಸೋಣ, ಏಕೆಂದರೆ ನಮ್ಮ ಭಾಗದ ಸಸ್ಯಗಳ ದಾಖಲೆಯಲ್ಲಿ ಅತಿ ಆಳವಾದ ಸೀಳು ಬಿದ್ದಿರುವುದು ಅಲ್ಲಿಯೇ. ಕೆನರಾ ಜಿಲ್ಲೆ ಮೊದಲು ಪೂರ್ತಿಯಾಗಿ ಮದರಾಸು ಪ್ರಾಂತ್ಯದಲ್ಲಿತ್ತು. ಅದನ್ನು ಉತ್ತರ, ದಕ್ಷಿಣ ಎಂದು ಒಡೆದು, 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಆಡಳಿತದ ಈ ತೀರ್ಮಾನಕ್ಕೂ ರಾಮಪತ್ರೆಗೂ ಯಾವ ಸಂಬಂಧವೂ ಇಲ್ಲ. ಭಟ್ಕಳದ ಘಟ್ಟದಲ್ಲೂ ಕುಂದಾಪುರದ ಘಟ್ಟದಲ್ಲೂ ಅದು ಒಂದೇ ಕಾಡು. ಆದರೆ ಅಲ್ಲಿಂದ ಮುಂದೆ ಉತ್ತರದ ಹಾಳೆಗಳು ಪುಣೆ, ಮುಂಬಯಿಗಳ ದಾರಿ ಹಿಡಿದವು, ದಕ್ಷಿಣದ ಹಾಳೆಗಳು ಮದರಾಸಿನ ದಾರಿ ಹಿಡಿದು ಇಂದು ಕೊಯಮತ್ತೂರಿನಲ್ಲಿ ನೆಲೆಸಿವೆ. ಎರಡೂ ಕಡೆಯ ನಕಲುಗಳು, ಎಂದರೆ ಅದೇ ಮರದಿಂದ ತೆಗೆದ ಹೆಚ್ಚುವರಿ ರೆಂಬೆಗಳ ಹಾಳೆಗಳು, ಕೋಲ್ಕತ್ತದ ಪಕ್ಕದ ಹೌರಾಕ್ಕೂ ಲಂಡನ್ನಿನ ಕ್ಯೂ ಉದ್ಯಾನಕ್ಕೂ ಹೋದವು. ಗ್ರಂಥಗಳೂ ಹಾಗೆಯೇ ಎರಡಾದವು. ಥಿಯೊಡೋರ್ ಕುಕ್ ಅವರ ಮುಂಬಯಿ ಪ್ರಾಂತ್ಯದ ಸಸ್ಯಸಂಪುಟಗಳು 1901ರಿಂದ 1908ರವರೆಗೆ ಬಂದರೆ, ಗ್ಯಾಂಬಲ್ ಆರಂಭಿಸಿ ಫಿಶರ್ ಮುಗಿಸಿದ ಮದರಾಸು ಪ್ರಾಂತ್ಯದ ಸಸ್ಯಸಂಪುಟಗಳು 1915ರಿಂದ 1936ರವರೆಗೆ ಬಂದವು. 1956ರಲ್ಲಿ ಎರಡೂ ಕನ್ನಡ ಜಿಲ್ಲೆಗಳು ಒಂದೇ ರಾಜ್ಯಕ್ಕೆ ಬಂದವು. ಫಾದರ್ ಸೆಸಿಲ್ ಸಲ್ಡಾನಾ ಅವರ ಕರ್ನಾಟಕ ಸಸ್ಯಸಂಪುಟದ ಮೊದಲ ಭಾಗ ಹೊರಬಂದದ್ದು 1984ರಲ್ಲಿ. ಒಂದೇ ಬೆಟ್ಟದ ಎರಡು ಮಗ್ಗುಲಿನ ಮರಗಳನ್ನು ಒಂದೇ ರಾಜ್ಯದ ಗ್ರಂಥದಲ್ಲಿ ನೋಡಲು ಓದುಗರು ಅಷ್ಟು ಕಾಲ ಕಾಯಬೇಕಾಯಿತು.

ಕುಕ್ ಅವರ ಗ್ರಂಥವನ್ನು ತೆರೆದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಅವರು ಪ್ರಾಂತ್ಯವನ್ನು ಕೊಂಕಣ, ದಖನ್, ದಕ್ಷಿಣ ಮರಾಠಾ ಸೀಮೆ, ಕೆನರಾ ಮುಂತಾಗಿ ವಿಂಗಡಿಸಿದ್ದಾರೆ. ದಕ್ಷಿಣ ಮರಾಠಾ ಸೀಮೆ ಎಂದರೆ ನಮ್ಮ ಧಾರವಾಡ, ಬೆಳಗಾವಿಗಳ ನೆಲವೇ. ಅದರೊಳಗೆ ಗದಗಿನ ಕಪ್ಪತಗುಡ್ಡದ ಕುರುಚಲೂ ಇದೆ, ಬೆಳಗಾವಿಯ ಪಶ್ಚಿಮಕ್ಕಿರುವ ನಿತ್ಯಹರಿದ್ವರ್ಣದ ಘಟ್ಟವೂ ಇದೆ. ಬರಿಯ ಸೀಮೆಯ ಹೆಸರನ್ನು ನಂಬಿ ನಕ್ಷೆ ಮಾಡಿದರೆ ಮಳೆಕಾಡಿನ ಮರವೊಂದು ಹತ್ತಿಯ ಹೊಲದ ನಡುವೆ ಬಂದು ನಿಂತೀತು. ಹಾಳೆಯ ಮೇಲೆ ಬರಿದೆ ‘ಧಾರವಾಡ’ ಎಂದಿದ್ದರಂತೂ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ 1997ರವರೆಗೆ ಗದಗವೂ ಹಾವೇರಿಯೂ ಧಾರವಾಡ ಜಿಲ್ಲೆಯೇ ಆಗಿದ್ದವು. ಅದೇ ಗ್ರಂಥದಲ್ಲಿ ಸಂಗ್ರಾಹಕರ ಹೆಸರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಬರುವುದುಂಟು. ಅದು ಉದ್ಗಾರವಲ್ಲ, ಈ ಹಾಳೆಯನ್ನು ಗ್ರಂಥಕರ್ತನು ಕಣ್ಣಾರೆ ಕಂಡಿದ್ದಾನೆ ಎಂಬ ಸಾಕ್ಷಿ. ಆ ಚಿಹ್ನೆ ಇಲ್ಲದ ಕಡೆ ಅವನು ಇನ್ನೊಬ್ಬರ ಮಾತನ್ನು ನಂಬಿ ಬರೆದಿದ್ದಾನೆ ಎಂದು ತಿಳಿಯಬೇಕು. ಇಷ್ಟು ಪ್ರಾಮಾಣಿಕವಾದ ಒಂದು ಗುರುತನ್ನು ನಮ್ಮ ಇಂದಿನ ಪಟ್ಟಿಗಳಲ್ಲಿ ಬಿಟ್ಟುಬಿಟ್ಟಿರುವುದು ನನಗೆ ನಿಜಕ್ಕೂ ಖೇದದ ಸಂಗತಿ.

ಹಳೆಯ ಚೀಟಿಗಳಲ್ಲಿ ಅತಿ ಕಷ್ಟ ಕೊಡುವಂಥದು ಒಂದಿದೆ. ಬ್ರಿಟಿಷ್ ಸಸ್ಯವಿಜ್ಞಾನಿಗಳಾದ ಜೋಸೆಫ್ ಹೂಕರ್ ಮತ್ತು ಥಾಮಸ್ ಥಾಮ್ಸನ್ ತಮ್ಮಲ್ಲಿ ಒಟ್ಟುಗೂಡಿದ್ದ ಹಾಳೆಗಳನ್ನು ಯುರೋಪಿನ ಹರ್ಬೇರಿಯಂಗಳಿಗೆ ಹಂಚುವಾಗ ಅಚ್ಚು ಹಾಕಿಸಿದ ಚೀಟಿ ಅದು. ಅದರಲ್ಲಿ ಸ್ಥಳ ‘ಮಲಬಾರ್, ಕೊಂಕಣ, ಇತ್ಯಾದಿ’. ಸಂಗ್ರಾಹಕರು ‘ಸ್ಟಾಕ್ಸ್, ಲಾ, ಇತ್ಯಾದಿ’. ಸ್ಥಳಕ್ಕೂ ‘ಇತ್ಯಾದಿ’, ವ್ಯಕ್ತಿಗೂ ‘ಇತ್ಯಾದಿ’! ದಿನಾಂಕವಂತೂ ಇಲ್ಲವೇ ಇಲ್ಲ. ಜಾನ್ ಎಲರ್ಟನ್ ಸ್ಟಾಕ್ಸ್ ಎಂಬ ವೈದ್ಯರು 1854ರಲ್ಲಿ ತೀರಿಕೊಂಡರು. ಹಾಗಾಗಿ ರೆಂಬೆ ಅವರದೇ ಎಂದು ಸಿದ್ಧವಾದರೆ ಅದಕ್ಕಿಂತ ಮೊದಲಿನದು ಎಂದು ಹೇಳಬಹುದು. ಆದರೆ ಅವರದೋ, ಮುಂಬಯಿಯ ಸಿವಿಲ್ ಅಧಿಕಾರಿ ಲಾ ಅವರದೋ, ಬೆಳಗಾವಿಯ ಸುತ್ತಮುತ್ತ ಸಂಗ್ರಹಿಸುತ್ತಿದ್ದ ರಿಚಿಯವರದೋ ಎಂದು ಬೇರ್ಪಡಿಸುವುದು ಎಷ್ಟೋ ಸಲ ಸಾಧ್ಯವಾಗುವುದಿಲ್ಲ. ಇಂದು ಈ ಹಾಳೆಗಳು ಛಾಯಾಚಿತ್ರಗಳಾಗಿ ಜಾಲತಾಣಗಳಿಗೆ ಬಂದಿವೆ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯೂ 2022ರಲ್ಲಿ ತನ್ನ ಡಿಜಿಟಲ್ ಹರ್ಬೇರಿಯಂ ತೆರೆಯಿತು. ಇದು ದೊಡ್ಡ ಉಪಕಾರ. ಆದರೆ ದತ್ತಾಂಶಕ್ಕೆ ಅಕ್ಷಾಂಶ ರೇಖಾಂಶ ಬೇಕೆಂಬ ಒಂದೇ ಕಾರಣಕ್ಕೆ ‘ಉತ್ತರ ಕೆನರಾ’ ಎಂದಷ್ಟೇ ಇರುವ ಹಾಳೆಗೆ ಜಿಲ್ಲೆಯ ನಡುಬಿಂದುವನ್ನು ಹಾಕಿದರೆ, ಯಾರೂ ರೆಂಬೆ ಮುರಿಯದ ಜಾಗದಲ್ಲಿ ನಕ್ಷೆಯ ಮೇಲೊಂದು ಚುಕ್ಕೆ ಮೂಡುತ್ತದೆ. ಚುಕ್ಕೆಗಳಿಗೆ ಸಂಕೋಚವಿಲ್ಲ. ನಿಖರವಾದದ್ದೂ ಅಂದಾಜಿನದೂ ನೋಡುವ ಕಣ್ಣಿಗೆ ಒಂದೇ ಗಾತ್ರದವು.

ಇನ್ನು ದಾರಿಯ ವಿಷಯ. ಉತ್ತರ ಕನ್ನಡದ ಮಟ್ಟಿಗೆ ನಾವು ಅತಿ ಹೆಚ್ಚು ಋಣಿಯಾಗಿರುವುದು ಅರಣ್ಯಾಧಿಕಾರಿ ಡಬ್ಲ್ಯು. ಎ. ಟಾಲ್ಬಟ್ ಅವರಿಗೆ. ಅವರ ಮರಗಳ ಪಟ್ಟಿ 1894ರಲ್ಲಿಯೂ ಎರಡು ಸಂಪುಟಗಳ ಅರಣ್ಯಸಸ್ಯ ಗ್ರಂಥ 1909 ಮತ್ತು 1911ರಲ್ಲಿಯೂ ಪ್ರಕಟವಾದವು. ಅವರ ಬಳಿಕ ಕಾರವಾರದಲ್ಲಿ ನೆಲೆಸಿದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ಮತ್ತು ಸಿವಿಲ್ ಅಧಿಕಾರಿ ಎಲ್. ಜೆ. ಸೆಜ್‌ವಿಕ್ ಜೊತೆಯಾಗಿ ಸಂಗ್ರಹಿಸಿದರು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂಗೆ ಹೋದವರು ಆ ಹಾಳೆಗಳನ್ನು ನೋಡದೆ ಬರಬಾರದು. ಆ ಕಾಲದ ಚೀಟಿಗಳಲ್ಲಿ ಮತ್ತೆ ಮತ್ತೆ ಬರುವ ಊರುಗಳನ್ನು ಸಾಲಾಗಿ ಓದಿ ನೋಡಿ: ಗೇರುಸೊಪ್ಪೆ ಘಟ್ಟ, ನೀಲಕುಂದ ಘಟ್ಟ, ಯಲ್ಲಾಪುರ, ಅಣಶಿ, ಕ್ಯಾಸಲ್‌ರಾಕ್. ಇವು ಸರಕಾರಿ ಬಂಗಲೆಗಳಿದ್ದ, ಗಾಡಿದಾರಿ ಹಾದುಹೋದ ಊರುಗಳು. ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿದ ರೈಲುಹಳಿ 1880ರ ದಶಕದ ಕೊನೆಯಲ್ಲಿ ತಯಾರಾದ ಮೇಲೆ ಕ್ಯಾಸಲ್‌ರಾಕ್ ಸಂಗ್ರಾಹಕರ ನೆಚ್ಚಿನ ತಾಣವಾಯಿತು. ಅದಕ್ಕೆ ಮೊದಲು ಅಲ್ಲಿ ಗಿಡಮರಗಳಿರಲಿಲ್ಲವೆಂದು ಯಾರೂ ಹೇಳಲಾರರು. ರೈಲು ಇರಲಿಲ್ಲ, ಅಷ್ಟೇ.

ದಾರಿಯ ಬದಿಯ ಕಾಡೂ ಪೂರ್ತಿ ದಾಖಲಾಗಿತ್ತೆಂದು ನಂಬುವವರಿಗೆ ಕತ್ತಲೆಕಾನಿನ ಉದಾಹರಣೆ ಸಾಕು. ಹೊನ್ನಾವರದಿಂದ ಜೋಗದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ, ಸಿದ್ದಾಪುರ ತಾಲ್ಲೂಕಿನಲ್ಲಿ, ರಾಮಪತ್ರೆಯ ಕುಟುಂಬದ ಮರಗಳು ಬೇರನ್ನು ಮೊಣಕಾಲಿನಂತೆ ನೀರಿನ ಮೇಲೆತ್ತಿ ನಿಂತಿರುವ ಒಂದು ಜೌಗುಕಾಡಿದೆ. ಗೇರುಸೊಪ್ಪೆ ಘಟ್ಟದಲ್ಲಿ ಸಂಗ್ರಾಹಕರು ನೂರಕ್ಕೂ ಹೆಚ್ಚು ವರ್ಷ ಓಡಾಡಿದ್ದಾರೆ. ಹಾಗಿದ್ದರೂ ಆ ಜೌಗಿನಲ್ಲಿ ನಿಂತ, ಗೇರಿನ ಕುಟುಂಬಕ್ಕೆ ಸೇರಿದ, ಎತ್ತರದ ಒಂದು ಮರಕ್ಕೆ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರು ಬಂದದ್ದು 2000ನೇ ಇಸವಿಯಲ್ಲಿ. ನೂರು ವರ್ಷದ ಹಾಳೆಗಳ ಕಟ್ಟಿನಲ್ಲಿ ಅದು ಇರಲಿಲ್ಲ ಎಂಬುದರಿಂದ ಕಾಡಿನಲ್ಲಿ ಇರಲಿಲ್ಲ ಎಂದು ತೀರ್ಮಾನಿಸಿದ್ದರೆ ಎಷ್ಟು ತಪ್ಪಾಗುತ್ತಿತ್ತು!

ಚೀಟಿಯ ಊರು ಈಗ ಇಲ್ಲದಿರುವುದೂ ಉಂಟು. ‘ಸೂಪಾ’ ಎಂಬ ಹೆಸರಿರುವ ಹಾಳೆ ಸಿಕ್ಕರೆ ಮೊದಲು ಕೇಳಬೇಕಾದ ಪ್ರಶ್ನೆ, ಅದು ಸೂಪಾ ಪೇಟೆಯೋ ಸೂಪಾ ತಾಲ್ಲೂಕೋ ಎಂಬುದು. ತಾಲ್ಲೂಕು ಇಂದು ಜೋಯಿಡಾ ಎಂಬ ಹೆಸರಿನಲ್ಲಿದೆ, ಕಾಡೂ ಬಹಳಷ್ಟು ಉಳಿದಿದೆ. ಪೇಟೆಯಾದರೆ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಮುಳುಗಿದೆ. ಮೊದಲನೆಯದಾದರೆ ಮರವನ್ನು ಹುಡುಕಿಕೊಂಡು ಹೋಗಬಹುದು; ಎರಡನೆಯದಾದರೆ ಆ ಹೊಳೆದಂಡೆಯ ಕಾಡಿಗೆ ಉಳಿದಿರುವ ಸಾಕ್ಷಿ ಆ ಹಾಳೆಯೊಂದೇ ಆಗಿರಲೂಬಹುದು.

ಋತುವಿನ ಪ್ರಶ್ನೆ ರಾಮಪತ್ರೆಗೆ ವಿಶೇಷವಾಗಿ ತಟ್ಟುತ್ತದೆ, ಏಕೆಂದರೆ ಇದು ಗಂಡುಮರ ಹೆಣ್ಣುಮರ ಬೇರೆಬೇರೆಯಾಗಿರುವ ಜಾತಿ. ಗಂಡುಹೂಗಳು ಚಿಕ್ಕ ಹೂಜಿಯ ಆಕಾರದವು, ಗೊಂಚಲಾಗಿ ಬಿಡುತ್ತವೆ. ಒಳಗೆ ಕೇಸರಗಳೆಲ್ಲ ಬೆಸೆದು ಒಂದೇ ಕಂಬವಾಗಿರುತ್ತವೆ. ಹೆಣ್ಣುಹೂಗಳು ಗಾತ್ರದಲ್ಲಿ ದೊಡ್ಡವು, ಸಂಖ್ಯೆಯಲ್ಲಿ ಕಡಿಮೆ. ಒಂದೇ ಹಾಳೆಯಲ್ಲಿ ಈ ಜಾತಿಯ ಪೂರ್ಣ ಪರಿಚಯ ಆಗುವುದು ಸಾಧ್ಯವೇ ಇಲ್ಲ: ಗಂಡುಹೂವಿನದೊಂದು, ಹೆಣ್ಣುಹೂವಿನದೊಂದು, ಹಣ್ಣಿನದೊಂದು, ಕನಿಷ್ಠ ಮೂರು ಹಾಳೆ ಬೇಕು. ಸಂಗ್ರಾಹಕರು ಕಾಡಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಳೆಗಾಲದಲ್ಲಿ ಘಟ್ಟದ ದಾರಿಗಳು ಮುಚ್ಚುತ್ತಿದ್ದವು, ಇಂಬಳದ ಕಾಟ ಬೇರೆ, ಎಲ್ಲಕ್ಕಿಂತ ಮಿಗಿಲಾಗಿ ಒತ್ತಿದ ರೆಂಬೆ ಒಣಗದೆ ಬೂಸಲು ಹಿಡಿಯುತ್ತಿತ್ತು. ಹೀಗಾಗಿ ಹಾಳೆಗಳ ತಿಂಗಳುಗಳನ್ನು ಎಣಿಸಿ ಹೂ ಬಿಡುವ ಕಾಲದ ಕೋಷ್ಟಕ ಮಾಡುವವರು, ತಾವು ಎಣಿಸುತ್ತಿರುವುದು ಸಂಗ್ರಾಹಕರ ಪ್ರವಾಸದ ತಿಂಗಳುಗಳನ್ನೂ ಹೌದು ಎಂಬುದನ್ನು ಮರೆಯಬಾರದು.

ಹಣ್ಣಿನ ಪಾಡು ಇನ್ನೂ ವಿಚಿತ್ರ. ರಾಮಪತ್ರೆಯ ಹಣ್ಣು ಕಂದುಬಣ್ಣದ ನವಿರಾದ ರೋಮಗಳಿಂದ ಮುಚ್ಚಿದ, ಬೆರಳುದ್ದದ, ದಪ್ಪ ತೊಗಟೆಯ ಗಟ್ಟಿ ವಸ್ತು. ಅದನ್ನು ಹಾಳೆಯ ಮೇಲೆ ಒತ್ತಿದರೆ ಹಾಳೆಯೇ ಉಬ್ಬುತ್ತದೆ. ಆದ್ದರಿಂದ ಹಣ್ಣನ್ನು ಬಿಡಿಸಿ ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಡುವ ರೂಢಿ ಬಂತು. ಪೆಟ್ಟಿಗೆಗೂ ಹಾಳೆಗೂ ಹಾಕಿದ ಸಂಖ್ಯೆ ಎಲ್ಲಿಯಾದರೂ ತಪ್ಪಿದರೆ ಎರಡೂ ಅನಾಥ. ಇನ್ನು ಬೀಜದ ಸುತ್ತಲಿನ ಹಳದಿ ಹೊದಿಕೆ, ಎಂದರೆ ಸಾಕ್ಷಾತ್ ರಾಮಪತ್ರೆ, ಒಣಗಿದ ಕೂಡಲೇ ಬಣ್ಣ ಕಳೆದುಕೊಂಡು ಕಂದಾಗುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಜನ ಈ ಮರವನ್ನು ಗುರುತಿಸುವುದೂ ಬಳಸುವುದೂ ಮಾರುವುದೂ ಯಾವ ಭಾಗದಿಂದಲೋ ಅದೇ ಭಾಗ ವೈಜ್ಞಾನಿಕ ದಾಖಲೆಯಲ್ಲಿ ಅತಿ ದುರ್ಬಲವಾಗಿ ಉಳಿದಿದೆ. ‘ಹೊದಿಕೆ ಹಳದಿ, ತುದಿಯವರೆಗೂ ಸೀಳಿದೆ’ ಎಂದು ಸಂಗ್ರಾಹಕನು ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ಆ ಹಾಳೆಯ ಬೆಲೆ ಇಮ್ಮಡಿಯಾಗುತ್ತದೆ. ತೊಗಟೆ ಕೆತ್ತಿದಾಗ ಒಸರುವ ಕೆಂಪು ರಸದ ಮಾತೂ ಹಾಗೆಯೇ: ಒಣಗಿದ ರೆಂಬೆಯಲ್ಲಿ ಅದು ಕಾಣದು, ಬರೆದಿಟ್ಟರೆ ಮಾತ್ರ ಉಳಿಯುತ್ತದೆ.

ಹೆಸರಿನ ತೊಡಕಿಗೆ ಈಗ ಬರುತ್ತೇನೆ. ಒಂದು ಹಾಳೆಯ ಮೇಲೆ ಮೂಲ ಚೀಟಿಯಲ್ಲದೆ ಮತ್ತೆರಡು ಮೂರು ಸಣ್ಣ ಚೀಟಿಗಳು ಅಂಟಿರುವುದನ್ನು ನೀವು ನೋಡಿರಬಹುದು. ನಂತರ ಬಂದ ತಜ್ಞರು, ಹಳೆಯ ಹೆಸರನ್ನು ಅಳಿಸದೆ, ತಮ್ಮ ತೀರ್ಮಾನವನ್ನೂ ಸಹಿಯನ್ನೂ ವರ್ಷವನ್ನೂ ಪಕ್ಕದಲ್ಲಿ ಅಂಟಿಸುತ್ತಾರೆ. ಪಂಚನಾಮೆಯ ಕಾಗದದಂತೆ, ಯಾರು ಯಾವಾಗ ಏನು ಹೇಳಿದರೆಂಬುದೆಲ್ಲ ಅದೇ ಹಾಳೆಯಲ್ಲಿ ಉಳಿಯುತ್ತದೆ. ನಮ್ಮ ಘಟ್ಟದ ಇನ್ನೊಂದು ಕಾಡುಜಾಯಿಯ ಹಾಳೆಗಳಲ್ಲಿ ಮಿರಿಸ್ಟಿಕಾ ಲಾರಿಫೋಲಿಯಾ, ಮಿರಿಸ್ಟಿಕಾ ಡ್ಯಾಕ್ಟಿಲಾಯ್ಡಿಸ್ ಎಂಬ ಹೆಸರುಗಳು ಒಂದರ ಪಕ್ಕ ಒಂದು ಕಾಣುತ್ತವೆ. ಡಚ್ ಸಸ್ಯವಿಜ್ಞಾನಿ ಡಿ ವಿಲ್ಡ ಅವರ ಪರಿಷ್ಕರಣೆಯ (ಒಂದು ಗುಂಪಿನ ಜಾತಿಗಳನ್ನೆಲ್ಲ ಮತ್ತೆ ಪರಿಶೀಲಿಸಿ ಹೆಸರು ಸರಿಪಡಿಸುವ ಕೆಲಸದ) ನಂತರ ನಮ್ಮ ಭಾಗದ ಮರಕ್ಕೆ ಮಿರಿಸ್ಟಿಕಾ ಬೆಡ್ಡೋಮಿ ಎಂಬ ಹೆಸರು ಸಲ್ಲುತ್ತದೆ. ಹಳೆಯ ಪಟ್ಟಿಗಳನ್ನು ಹಾಗೆಯೇ ನಕಲು ಮಾಡಿದವರ ಬರಹಗಳಲ್ಲಿ ಒಂದೇ ಮರ ಎರಡು ಮೂರು ಜಾತಿಗಳಾಗಿ ಎಣಿಕೆಯಾಗುತ್ತದೆ.

ಇದು ನಮ್ಮ ಘಟ್ಟಕ್ಕಷ್ಟೇ ಸೀಮಿತವಾದ ದೋಷವಲ್ಲ. ಆಫ್ರಿಕದ ಶುಂಠಿ ಕುಟುಂಬದ ಆಫ್ರಮೋಮಮ್ ಎಂಬ ಗುಂಪಿನ ಹಾಳೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಆ ಗುಂಪಿನ ಹೊಸ ಪರಿಷ್ಕರಣೆ ನಡೆಯುವ ಮೊದಲು 58 ಶೇಕಡಾ ಹಾಳೆಗಳ ಮೇಲಿದ್ದದ್ದು ತಪ್ಪು ಹೆಸರು. ಎರಡು ಹೂವಿಲ್ಲದ ರೆಂಬೆಗಳನ್ನು ಎದುರಿಗಿಟ್ಟರೆ ಘಟ್ಟದ ಜಾಯಿಕಾಯಿ ಬಳಗದ ಮರಗಳನ್ನು ಬೇರ್ಪಡಿಸಲು ಪಳಗಿದವರೂ ತಡವರಿಸುತ್ತಾರೆ. ಹಾಗಿರುವಾಗ ಹೂವು ಹಣ್ಣು ಇಲ್ಲದ ಹಾಳೆಯ ಮೇಲಿನ ಹೆಸರನ್ನು ಆಧರಿಸಿ ಒಂದು ಜಾತಿಯ ವ್ಯಾಪ್ತಿಯನ್ನು ಇಪ್ಪತ್ತು ಮೂವತ್ತು ಕಿಲೋಮೀಟರ್ ಹಿಗ್ಗಿಸುವುದು ಅವಸರದ ಕೆಲಸ.

ಇಷ್ಟೆಲ್ಲ ಕೊರತೆಗಳನ್ನು ಹೇಳಿದ್ದು ಹಾಳೆಗಳ ಮೇಲಿನ ನಂಬಿಕೆ ಕೆಡಿಸುವುದಕ್ಕಲ್ಲ. ಕೊರತೆಯನ್ನು ಅರಿತು ಕೇಳಿದವರಿಗೆ ಅವು ಸಂಗ್ರಹಿಸಿದವನೇ ಊಹಿಸದಿದ್ದ ಉತ್ತರಗಳನ್ನು ಕೊಟ್ಟಿವೆ. ಬ್ರಿಟನ್ನಿನ ಎಫ್. ಐ. ವುಡ್‌ವರ್ಡ್ ಅವರು ಹಳೆಯ ಹಾಳೆಗಳ ಎಲೆಗಳಲ್ಲಿರುವ ಪತ್ರರಂಧ್ರಗಳನ್ನು ಎಣಿಸಿ, ಎರಡು ನೂರು ವರ್ಷಗಳಲ್ಲಿ ಅವುಗಳ ಸಾಂದ್ರತೆ ಸುಮಾರು 40 ಶೇಕಡಾ ಇಳಿದಿದೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಕ್ಕೆ ಇದು ಹೊಂದುತ್ತದೆ ಎಂದು 1987ರಲ್ಲಿ ತೋರಿಸಿಕೊಟ್ಟರು. ಆ ರೆಂಬೆಗಳನ್ನು ಮುರಿದವರ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟಿರಲಿಲ್ಲ.

ರಾಮಪತ್ರೆಯನ್ನು ಅಳಿವಿನ ಅಪಾಯಕ್ಕೀಡಾಗಬಲ್ಲ ಜಾತಿಯೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿ ಗುರುತಿಸಿದೆ. ಅದು ಕಡಿಮೆಯಾಗುತ್ತಿದೆಯೇ ಎಂದು ತಿಳಿಯಬೇಕಾದರೆ ಹಳೆಯ ಹಾಳೆಯ ಜಾಗಕ್ಕೆ ಹೋಗಿ ಮತ್ತೆ ನೋಡಬೇಕು. ಮಳೆಕಾಡಿಗೆ ಇಷ್ಟು ಹತ್ತಿರದಲ್ಲಿ ಎರಡು ವಿಶ್ವವಿದ್ಯಾಲಯಗಳಿರುವ ಧಾರವಾಡ ಮಾಡದಿದ್ದರೆ ಈ ಕೆಲಸವನ್ನು ಮಾಡುವವರು ಯಾರು? ಅರಣ್ಯ ಇಲಾಖೆಯ ಅನುಮತಿ ಪಡೆದು, ಹೆಣ್ಣುಮರದ ರೆಂಬೆಯನ್ನು ಅಗತ್ಯಕ್ಕಿಂತ ಒಂದು ಗೇಣೂ ಹೆಚ್ಚು ಕತ್ತರಿಸದೆ, ಚೀಟಿಯಲ್ಲಿ ಮರದ ಲಿಂಗ, ತೊಗಟೆಯ ರಸ, ಹೊದಿಕೆಯ ಬಣ್ಣ, ಹೊಳೆಯಿಂದಿರುವ ದೂರ ಇವನ್ನೆಲ್ಲ ಬರೆಯಬೇಕು. ಮರ ನಿಂತಿರುವುದು ದಟ್ಟಕಾಡಿನಲ್ಲೋ, ತೋಟಿಗರ ಸೊಪ್ಪಿನ ಬೆಟ್ಟದಲ್ಲೋ, ಅಡಿಕೆ ತೋಟದ ಅಂಚಿನಲ್ಲಿ ನೆಟ್ಟದ್ದೋ ಎಂಬುದು ಕಡ್ಡಾಯವಾಗಿ ದಾಖಲಾಗಬೇಕು. ಶಿರಸಿ, ಸಿದ್ದಾಪುರಗಳ ತೋಟಿಗರು ಬೇಕೆಂದೇ ಉಳಿಸಿಕೊಂಡ ಮರಗಳನ್ನು ಕಾಡಿನ ಮರಗಳೊಂದಿಗೆ ಬೆರೆಸಿ ಎಣಿಸಿದರೆ ಮುಂದಿನವರು ನಮ್ಮ ಹಾಳೆಗಳ ಬಗ್ಗೆಯೂ ಇಂಥದೇ ಉಪನ್ಯಾಸ ಮಾಡಬೇಕಾದೀತು. ಹುಡುಕಿಕೊಂಡು ಹೋಗಿ ಮರ ಕಾಣದೆ ಬಂದ ದಿನವನ್ನೂ ಸ್ಥಳಸಹಿತ ಬರೆದಿಡಿ. ಹರ್ಬೇರಿಯಂ ಹಾಳೆ ಎಂದಿಗೂ ಕೊಡಲಾರದ ಮಾಹಿತಿ ಅದು.

ಉಪನ್ಯಾಸದ ನಂತರ ವಿದ್ಯಾರ್ಥಿನಿಯೊಬ್ಬರು, ಮೊಬೈಲಿನಲ್ಲಿ ಸ್ಥಳಾಂಕದೊಡನೆ ಚಿತ್ರ ತೆಗೆದರೆ ಸಾಲದೇ, ಮರವನ್ನು ಏಕೆ ಕತ್ತರಿಸಬೇಕು ಎಂದು ಕೇಳಿದರು. ಬಹಳ ಯೋಗ್ಯವಾದ ಪ್ರಶ್ನೆ. ಹೊದಿಕೆಯ ಬಣ್ಣ, ತೊಗಟೆಯ ರಸ, ಮರದ ನಿಲುವು ಇವನ್ನು ಚಿತ್ರ ಹಾಳೆಗಿಂತ ಚೆನ್ನಾಗಿ ಹಿಡಿದಿಡುತ್ತದೆ. ಒಮ್ಮೆ ಹಾಳೆಯಾದ ಮರದ ಬಳಿಗೆ ಮತ್ತೆ ಮತ್ತೆ ಹೋಗುವಾಗ ಚಿತ್ರವೇ ಸಾಕು, ಕತ್ತಿ ಬೇಡ. ಆದರೆ ಹೂಜಿಯಂಥ ಹೂವಿನೊಳಗಿನ ಕೇಸರದ ಕಂಬವನ್ನು ಚಿತ್ರ ತೋರಿಸದು, ಎಲೆಯ ತುಣುಕಿನಿಂದ ಡಿಎನ್ಎ ತೆಗೆಯಲು ಅದರಿಂದ ಆಗದು, ನಾಳೆ ಒಂದು ಜಾತಿ ಎರಡಾಗಿ ಒಡೆದರೆ ಯಾವುದಕ್ಕೆ ಸೇರಿದ್ದೆಂದು ಎಷ್ಟೋ ಚಿತ್ರಗಳು ಹೇಳಲಾರವು. ಆದ್ದರಿಂದ ಪ್ರತಿ ಸ್ಥಳಕ್ಕೂ ಒಂದು ಗಂಡುಮರದ ಹಾಳೆ, ಒಂದು ಹೆಣ್ಣುಮರದ ಹಾಳೆ ಇರಲಿ, ಉಳಿದ ಮರಗಳಿಗೆ ಚಿತ್ರವಿರಲಿ, ಮತ್ತು ಹಾಳೆಯಾದ ಮರದ ಚಿತ್ರದ ಕಡತಕ್ಕೆ ಆ ಹಾಳೆಯ ಸಂಗ್ರಹ ಸಂಖ್ಯೆಯನ್ನೇ ಹೆಸರಾಗಿ ಕೊಡಿ ಎಂದು ಅವರಿಗೆ ಹೇಳಿದೆ.